ಇನ್, ಆನ್, ಅಂಡರ್ ಮತ್ತು ಒಂದು ಕುರಿಮರಿ

ಇಂಗ್ಲಿಷಿನ ಪ್ರಿಪೊಸಿಷನ್ ಕಲಿಸುವುದು ನೀರು ಕುಡಿದಷ್ಟು ಸುಲಭವೆಂದು ನಾನು ನಂಬಿದ್ದೆ. ಮಹಾರಾಷ್ಟ್ರದ ಜತ್ತ ತಾಲೂಕಿನ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ನಾನು ನಾಲ್ಕನೆಯ ಇಯತ್ತೆಯ ಶಿಕ್ಷಕಿ. ಮಕ್ಕಳ ಬಾಯಲ್ಲಿ ನಾನು ‘ಬಾಯಾರು’, ಅಂದರೆ ಟೀಚರು. ನಾವು ‘ಮೇಜಿನ ಮೇಲೆ’ ಎನ್ನುತ್ತೇವೆ, ಇಂಗ್ಲಿಷರು ‘ಮೇಲೆ ಮೇಜು’ ಎನ್ನುತ್ತಾರೆ. ಹಿಂದಿದ್ದುದನ್ನು ಎತ್ತಿ ಮುಂದಿಟ್ಟರೆ ಮುಗಿಯಿತು! ಹೀಗಾಗಿ, ತಪಾಸಣೆಗೆ ಬರುವ ಸಾಹೇಬರ ಮುಂದೆ ಇಂಗ್ಲಿಷ್ ಪಾಠ ಯಾರು ಮಾಡುತ್ತೀರಿ ಎಂದು ಮುಖ್ಯಾಧ್ಯಾಪಕರು ಕೇಳಿದಾಗ ಉಳಿದವರೆಲ್ಲ ನೆಲ ನೋಡಿದರು. ನಾನೊಬ್ಬಳೇ ಕೈ ಎತ್ತಿದೆ.

ಸಂಜೆ ಮನೆಯಲ್ಲಿ ತಾಲೀಮು ಶುರುವಾಯಿತು. ಕುರಿ ಸಾಕುವ ನಮ್ಮ ಯಜಮಾನರೇ ವಿದ್ಯಾರ್ಥಿ.

“ನೋಡ್ರಿ, ಒಳಗ ಅಂದ್ರ ಇನ್, ಮ್ಯಾಲೆ ಅಂದ್ರ ಆನ್. ಇಷ್ಟ!”

“ಹಂಗಾರ ಸೋಮವಾರಕ್ಕ ಏನಂತಾರ?”

“ಆನ್ ಮಂಡೇ.”

“ಸೋಮವಾರದ ಮ್ಯಾಲೆ ಹ್ಯಾಂಗ ಕುಂದ್ರೂದು?”

“ಕುಂದ್ರೂದಲ್ರಿ, ಅದು ರೂಢಿ.”

“ಮತ್ತ ಮುಂಜಾನಿಗೆ?”

“ಇನ್ ದಿ ಮಾರ್ನಿಂಗ್.”

“ಮುಂಜಾನಿ ಒಳಗ ಹೋಗೂದು, ಸೋಮವಾರದ ಮ್ಯಾಲೆ ಹತ್ತೂದು! ರಾತ್ರಿಗೆ?”

“ಆ್ಯಟ್ ನೈಟ್,” ಎಂದೆ. ಈ ಆ್ಯಟ್ ಎಂಬುದು ಒಳಗೋ, ಮೇಲೋ, ಪಕ್ಕಕ್ಕೋ ನನಗೂ ಹೊಳೆಯಲಿಲ್ಲ. “ಮೊದ್ಲ ಏಳ್ರಿ, ರೊಟ್ಟಿ ಆರಾಕತ್ತಾವ!”

ವಾರದ ಗೊಡವೆಯೂ ಬೇಡ, ಹೊತ್ತಿನ ಗೊಡವೆಯೂ ಬೇಡ, ಜಾಗ ಹೇಳುವ ಶಬ್ದಗಳಷ್ಟನ್ನೇ ಕಲಿಸಿದರಾಯಿತು ಎಂದು ತೀರ್ಮಾನಿಸಿದೆ. ಅದಕ್ಕೆ ಒಂದು ಸಜೀವ ಪಾಠೋಪಕರಣ ಬೇಕಲ್ಲ? ಮರುದಿನ ಮುಂಜಾನೆ ಹಟ್ಟಿಯಲ್ಲಿ ತೆಪ್ಪಗೆ ನಿಂತಿದ್ದ ಒಂದು ಕುರಿಮರಿಯನ್ನು ಆರಿಸಿದೆ.

“ಅದು ಹಸದೈತಿ. ಮೇಸಿಕೊಂಡು ಒಯ್ಯಿ,” ಎಂದರು ನಮ್ಮವರು.

ಡಿ.ಎಡ್. ಮಾಡಿದವಳಿಗೆ ಇವರು ಪಾಠ ಹೇಳುತ್ತಾರಲ್ಲ! ನಾನು ಕೇಳಲಿಲ್ಲ.

ಶಾಲೆಯಲ್ಲಿ ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತು, ತಪಾಸಣೆಯ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡರು. ನಾನು ಮರಿಯನ್ನು ಮೇಜಿನ ಮೇಲೆ ನಿಲ್ಲಿಸಿ, “ದಿ ಲ್ಯಾಂಬ್ ಈಸ್ ಆನ್ ದಿ ಟೇಬಲ್,” ಎನ್ನುವಷ್ಟರಲ್ಲಿ ಅದು ಕೆಳಗೆ ಜಿಗಿದು ಮೇಜಿನಡಿ ಸೇರಿತು.

“ಅಂಡರ್ ದಿ ಟೇಬಲ್!” ಎಂದು ಮಕ್ಕಳು ಕೂಗಿದರು.

ನಾನು ಬಗ್ಗಿ ಕೈ ಹಾಕಿದೆ. ಮರಿ ಬೆಂಚಿನ ಹಿಂದೆ!

“ಬಿಹೈಂಡ್ ದಿ ಬೆಂಚ್!”

ನಾನು ಅತ್ತ ಓಡಿದೆ. ಅದು ನನ್ನ ಕಾಲುಗಳ ನಡುವೆಯೇ ನುಸುಳಿತು.

“ಬಿಟ್ವೀನ್ ಬಾಯಾರ ಕಾಲ್!”

ಪಾಠ ಬಹಳ ಚೆನ್ನಾಗಿ ಸಾಗಿತ್ತು. ನನ್ನ ಸಹಾಯವಿರಲಿಲ್ಲ, ಅಷ್ಟೆ.

ಆಮೇಲೆ ಮರಿ ಸುಮ್ಮನಾಯಿತು. ನಾನು ಸೆರಗಿನಿಂದ ಬೆವರು ಒರೆಸಿಕೊಂಡೆ. ಸಾಹೇಬರು ಮಾತ್ರ ಬೆಂಚಿನ ಮೇಲೆಲ್ಲ ತಡಕಾಡುತ್ತಿದ್ದರು.

“ನನ್ನ ಹಾಳಿ ಎಲ್ಲಿ ಹೋತ್ರಿ?”

ಮುಂದಿನ ಸಾಲಿನ ಮಾಳವ್ವ ಕೈಕಟ್ಟಿ ಎದ್ದು ನಿಂತಳು. “ಸರ್, ದಿ ಪೇಪರ್ ಈಸ್ ಇನ್ ದಿ ಲ್ಯಾಂಬ್!”

ನೋಡಿದರೆ, ಹಾಳೆಯ ಒಂದು ಮೂಲೆ ಕಚೇರಿ ಒತ್ತಿದ ಶಿಕ್ಕಾ ಸಮೇತ ಮರಿಯ ಬಾಯಿಂದ ಹೊರಗೆ ಇಣುಕುತ್ತಿತ್ತು. ನನ್ನ ನೌಕರಿಯೂ ಅದರ ಹಿಂದೆಯೇ ಹೊಟ್ಟೆ ಸೇರಿತೆಂದುಕೊಂಡೆ. ಆದರೆ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಶಾಬ್ಬಾಸ್ ಮಗಳ! ಬಾಯಾರ, ಈಗ ನೀವ ಹೇಳ್ರಿ. ಹಾಳಿ ಹೋಗಿದ್ದು ಇನ್ ದಿ ಲ್ಯಾಂಬೋ, ಇನ್‌ಟು ದಿ ಲ್ಯಾಂಬೋ?”

ನಾನು ಮರಿಯ ಬಾಯಿ ನೋಡಿದೆ. “ಸದ್ಯ ಅರ್ಧ ಇನ್, ಅರ್ಧ ಔಟ್ ಐತ್ರಿ ಸರ್!”

ಅವರು ಇನ್ನೊಂದು ಹಾಳೆ ತರಿಸಿ ಬರೆದರು: ‘ಮಕ್ಕಳಿಗೆ ಪ್ರಿಪೊಸಿಷನ್ ಉತ್ತಮವಾಗಿ ಬರುತ್ತದೆ. ಶಿಕ್ಷಕಿಗೆ ತರಬೇತಿ ಅಗತ್ಯ.’

ಮುಂದಿನ ವಾರವೇ ಜತ್ತದಲ್ಲಿ ತರಬೇತಿ. ಬಸ್ಸು ತಡವಾಯಿತು. ‘ಎಲ್ಲಿದ್ದೀರಿ? ಇಂಗ್ಲಿಷಿನಲ್ಲೇ ತಿಳಿಸಿ’ ಎಂದು ತರಬೇತಿ ಕೊಡುವ ಮೇಡಂ ಮೊಬೈಲಿಗೆ ಸಂದೇಶ ಕಳಿಸಿದರು. ಬಸ್ಸಿಗೆ ಯಾವುದು ಹತ್ತುತ್ತದೆ? ಇನ್ನೋ, ಆನ್ನೋ, ಆ್ಯಟ್ಟೋ? ಒಂದಾದರೂ ಸರಿಯಿದ್ದೀತೆಂದು ಮೂರನ್ನೂ ಬರೆದು ಕಳಿಸಿದೆ: ‘ಐ ಆ್ಯಮ್ ಇನ್ ಆನ್ ಆ್ಯಟ್ ಬಸ್.’

ಕೂಡಲೇ ಫೋನು ಬಂತು. ಮೇಡಂ ಗಾಬರಿಯಾಗಿದ್ದರು.

“ಬಾಯಾರ, ನೀವು ಬಸ್ಸಿನ್ಯಾಗ ಕುಂತೀರೋ, ಟಾಪಿನ ಮ್ಯಾಲೆ ಹತ್ತೀರೋ? ಎಲ್ಲಿದ್ದೀರಿ ಅಲ್ಲೇ ಗಟ್ಟಿ ಹಿಡ್ಕೊಂಡು ಕುಂದ್ರಿ!”