ತಾನಾಗೇ ಇಳಿದ ರೇಟು

“ಇವತ್ತು ನನ್ನ ಬಾಯಿಂದ ಬಂದ ರೇಟು ಅಂದ್ರೆ ಶಿಲಾಶಾಸನ ಕಣೇ! ಒಂದು ರೂಪಾಯಿ ಇಳಿಸಿದ್ರೂ ನಾನು ಭೈರೇಶ ಅಲ್ಲ!”

ಗೋವಿಂದರಾಜನಗರದ ಬಾಡಿಗೆ ಮನೆಯ ಹೊಸ್ತಿಲಲ್ಲಿ ನಿಂತು, ಹೆಗಲಿಗೆ ಹಗ್ಗ ಏರಿಸಿಕೊಂಡು ಭೈರೇಶ ಗುಡುಗಿದ. ಮರ ಹತ್ತುವುದರಲ್ಲಿ, ಕೊಂಬೆ ಇಳಿಸುವುದರಲ್ಲಿ ಅವನನ್ನು ಮೀರಿಸುವವರು ಮಾಗಡಿ ರಸ್ತೆಯುದ್ದಕ್ಕೂ ಇರಲಿಲ್ಲ. ಯಾವ ಮರಕ್ಕೂ ಹೆದರದ ಈ ಗಂಡುಗಲಿ ಹೆದರುತ್ತಿದ್ದದ್ದು ಒಂದಕ್ಕೇ, ಗಿರಾಕಿಯ ಸಪ್ಪೆ ಮುಖಕ್ಕೆ! ಎದುರಿನವರು ಹುಬ್ಬು ಗಂಟಿಕ್ಕಿದರೆ ಸಾಕು, ಅವನ ರೇಟು ದಬಕ್ಕನೆ ಕೆಳಗೆ ಬೀಳುತ್ತಿತ್ತು. ಹೋದ ವಾರ ಮಹಾಲಕ್ಷ್ಮಿ ಲೇಔಟಿನಲ್ಲಿ ದಿನವಿಡೀ ಹಲಸಿನ ಕೊಂಬೆ ಕಡಿದು, ವಾಪಸ್ ಬರಲು ಸ್ಕೂಟರಿನ ಪೆಟ್ರೋಲ್ ಕಾಸಿಗೆ ಹೆಂಡತಿಗೆ ಫೋನ್ ಮಾಡಿದ್ದ ಮಹಾನುಭಾವ!

ಆ ಹೆಂಡತಿ ಲತಾ ಸೌಟು ಹಿಡಿದೇ ಹೊರಗೆ ಬಂದಳು.

“ಬೆಳಗ್ಗೆ ಬೆಳಗ್ಗೆ ಭಾಷಣ ಬೇಡ. ಇವತ್ತೂ ಇಳಿಸಿದ್ರೋ, ಬಿಸಿನೆಸ್ ಫೋನು ನನ್ ಕೈಗೆ! ರೇಟ್ ಮಾತಾಡೋದು ನಾನು, ಮರ ಹತ್ತೋದು ನೀವು. ಒಪ್ಪಿಗೇನಾ?”

“ಒಪ್ಪಿಗೆ! ‘ಭೈರೇಶ್ ಟ್ರೀ ಸರ್ವೀಸ್’ ಓನರ್ ನಾನು. ಓನರ್ ಫೋನು ಹೆಂಡ್ತಿ ಕೈಗೆ ಹೋದ್ರೆ ಏರಿಯಾದಲ್ಲಿ ತಲೆ ಎತ್ಕೊಂಡು ತಿರುಗೋದು ಹೇಗೆ?” ಎಂದವನೇ ಸ್ಕೂಟರ್ ಏರಿದ.

ಬಸವೇಶ್ವರನಗರದಲ್ಲಿ ಅವನಿಗಾಗಿ ಕಾದಿದ್ದವರು ನಿವೃತ್ತ ಟೀಚರ್ ಸತ್ಯವತಿ. ಅವರ ಹಿತ್ತಲಲ್ಲಿ ಸುಳಿ ಒಣಗಿದ ತೆಂಗಿನಮರವೊಂದು ಪಕ್ಕದ ಮನೆಯ ಸೋಲಾರ್ ಮೇಲೆ ವಾಲಿಕೊಂಡಿತ್ತು. ಭೈರೇಶ ಮರಕ್ಕೆ ಸುತ್ತು ಹಾಕಿದ. ಡಾಕ್ಟರರ ಗತ್ತಿನಲ್ಲಿ ಕಾಂಡವನ್ನು ತಟ್ಟಿ ನೋಡಿದ. ತುಂಡು ತುಂಡಾಗಿ ಕೊಯ್ದು ಹಗ್ಗದಲ್ಲಿ ಇಳಿಸಬೇಕಾದ ಕೆಲಸ. ಹನ್ನೆರಡು ಸಾವಿರ ಸಿಕ್ಕರೆ ಸಾಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಚೌಕಾಸಿಗೆ ಇರಲಿ ಅಂತ ಮೇಲೆ ಆರು ಸೇರಿಸಿದ.

“ಹದಿನೆಂಟು ಸಾವಿರ ಆಗತ್ತಮ್ಮ!” ಎಂದು ಹೇಳಿ, ಎದುರು ದಾಳಿಗೆ ಸಜ್ಜಾಗಿ ನಿಂತ.

“ಆಗಲಿ. ಯಾವಾಗ ಶುರು ಮಾಡ್ತೀರಿ?” ಎಂದರು ಸತ್ಯವತಿ.

ಗೆದ್ದೇಬಿಟ್ಟ! ಅಲ್ಲೇ ಕುಣಿಯಬೇಕೆನಿಸಿತು. ಆದರೆ ಮರುಗಳಿಗೆಯೇ ಅನುಮಾನ ಹೆಡೆ ಎತ್ತಿತು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ಊರಿನಲ್ಲಿ, ಹದಿನೆಂಟು ಸಾವಿರಕ್ಕೆ ಬರೀ ‘ಆಗಲಿ’ಯೇ? ಇದರಲ್ಲೇನೋ ಮಸಲತ್ತಿದೆ!

“ಅಮ್ಮಾ, ಮರದಲ್ಲಿ ಹೆಜ್ಜೇನು ಗಿಜ್ಜೇನು ಇದ್ಯಾ?”

“ಇಲ್ಲಪ್ಪ.”

“ಪಕ್ಕದ ಮನೆಯವರ ಜೊತೆ ಕೋರ್ಟು, ಕೇಸು?”

“ಅವರು ನನ್ನ ತಂಗೀನೇ!”

“ಮತ್ಯಾಕಮ್ಮ ನೀವು ಚೌಕಾಸಿ ಮಾಡ್ತಿಲ್ಲ?”

“ಜೀವ ಕೈಯಲ್ಲಿ ಹಿಡ್ಕೊಂಡು ಮಾಡೋ ಕೆಲಸ. ಅದಕ್ಕೂ ಕೊಸರಾಡೋದಾ?”

ಅಯ್ಯೋ, ಇದು ಇನ್ನೂ ಕಷ್ಟವಾಯಿತು! ಸುಮ್ಮನೆ ಸೇರಿಸಿದ್ದ ಆ ಆರು ಸಾವಿರ ಮನಸ್ಸನ್ನು ಚುಚ್ಚತೊಡಗಿತು. ಇಂಥ ತಾಯಿಗೆ ಟೋಪಿ ಹಾಕುವುದೇ?

“ಹದಿನಾರು ಕೊಡಿ ಸಾಕು,” ಎಂದುಬಿಟ್ಟ.

ಸತ್ಯವತಿಯವರ ಹುಬ್ಬು ಗಂಟಿಕ್ಕಿತು. “ಈಗ ತಾನೇ ಹದಿನೆಂಟು ಅಂದ್ರಲ್ಲ?”

ಹುಬ್ಬು! ಗಂಟಿಕ್ಕಿದ ಹುಬ್ಬು! ಭೈರೇಶ ಮತ್ತೆ ಇಳಿಯತೊಡಗಿದ. “ಹದಿನಾಲ್ಕು!” ಎಂದ. ಹುಬ್ಬು ಇನ್ನಷ್ಟು ಬಿಗಿಯಿತು. “ಹನ್ನೆರಡು! ಗರಿ, ಕಸ ಎಲ್ಲಾ ನಾವೇ ಸಾಗಿಸ್ತೀವಿ!” ಅವರು ಒಂದು ಹೆಜ್ಜೆ ಹಿಂದೆ ಸರಿದರು. “ಹತ್ತು ಅಮ್ಮಾ, ಹತ್ತೇ ಹತ್ತು!”

ಸತ್ಯವತಿ ಸರಕ್ಕನೆ ಒಳಗೆ ಹೋಗಿ ಗ್ರಿಲ್ ಬಾಗಿಲು ಎಳೆದು ಚಿಲಕ ಹಾಕಿದರು.

“ನಿಜ ಹೇಳಿ, ಯಾರ್ರೀ ನೀವು? ಮರ ನೋಡೋ ನೆಪದಲ್ಲಿ ಮನೆ ನೋಡ್ಕೊಂಡು ಹೋಗೋಕೆ ಬಂದಿದೀರಾ?”

“ನಾನು ಕಳ್ಳನಾ!” ಭೈರೇಶನಿಗೆ ರೋಷ ಉಕ್ಕಿತು. “ಅನುಮಾನ ಇದ್ರೆ ನಮ್ಮನೆಗೇ ಫೋನ್ ಮಾಡಿ ಕೇಳಿ!” ಎಂದು ನಂಬರನ್ನೂ ಪಟಪಟನೆ ಹೇಳಿಬಿಟ್ಟ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಸತ್ಯವತಿಯವರ ಫೋನಿನ ಸ್ಪೀಕರ್‌ನಲ್ಲಿ ಲತಾಳ ‘ಹಲೋ’ ಕೇಳಿಸಿತು.

“ನೋಡಮ್ಮ, ಭೈರೇಶ್ ಅಂತ ಒಬ್ರು ಬಂದಿದಾರೆ. ಹದಿನೆಂಟು ಸಾವಿರ ಅಂದ್ರು, ನಾನು ಹೂಂ ಅಂದೆ. ಆಮೇಲೆ ಯಾರೂ ಕೇಳದೇನೇ ಹತ್ತಕ್ಕೆ ಇಳಿಸಿದಾರೆ! ಇವರು ಅಸಲೀನಾ, ನಕಲೀನಾ?”

ಆ ಕಡೆ ಒಗ್ಗರಣೆ ಚಟಪಟ ಸಿಡಿಯಿತು.

“ಯಾರೂ ಕೇಳದೇನೇ ಇಳಿಸಿದ್ರಾ ಮೇಡಂ? ಹಾಗಾದ್ರೆ ಅನುಮಾನವೇ ಬೇಡ. ಅಸಲಿ ನಮ್ಮ ಯಜಮಾನ್ರೇ!”

ಚಿಲಕ ತೆರೆಯಿತು. ಸತ್ಯವತಿ ನಗು ತಡೆದುಕೊಂಡು, “ಈಗ ರೇಟು ಎಷ್ಟಮ್ಮ?” ಎಂದು ಕೇಳಿದರು.

“ಹದಿನೆಂಟೇ ಮೇಡಂ. ಹಗ್ಗ, ಆಟೋ, ಇಬ್ಬರು ಆಳಿನ ಕೂಲಿ, ಇದನ್ನೆಲ್ಲ ಅವರು ಯಾವತ್ತು ಲೆಕ್ಕ ಹಾಕಿದಾರೆ? ಇನ್ಮೇಲೆ ರೇಟಿಗೆ ನನಗೇ ಫೋನ್ ಮಾಡಿ.”

“ಆಗಲಿ,” ಎಂದರು ಸತ್ಯವತಿ.

ಭೈರೇಶ ಜೇಬಿನಿಂದ ಬಿಸಿನೆಸ್ ಫೋನ್ ತೆಗೆದು ಒಮ್ಮೆ ಕಣ್ತುಂಬ ನೋಡಿಕೊಂಡ. ಆದರೂ ಮನಸ್ಸು ಕೇಳಬೇಕಲ್ಲ! ಮೆಲ್ಲಗೆ ಸ್ಪೀಕರ್ ಹತ್ತಿರ ಬಾಗಿದ.

“ಲತಾ, ಟೀಚರ್ ಪಾಪ ತುಂಬಾ ಒಳ್ಳೆಯವರು ಕಣೇ. ಹದಿನೇಳು ಮಾಡು...”

“ರೀ, ಸುಮ್ನೆ ಮರ ಹತ್ತಿ!”