ವಿಶೇಷಣ ಹಚ್ಚಿದ ನಾಲ್ಕು ಕುರಿ

ತಾಳ್ಯದಲ್ಲಿ ನಮ್ಮ ಅಕ್ಕಪಕ್ಕದವರು, "ಆ ಮನೇಲಿ ಒಬ್ರು ಮಕ್ಕಳನ್ನ ಮೇಯಿಸ್ತಾರೆ, ಒಬ್ರು ಕುರಿಗೆ ಬುದ್ಧಿ ಹೇಳ್ತಾರೆ. ಕುರಿಗಳೇ ವಾಸಿ, ಕೇಳ್ತಾವೆ" ಎನ್ನುತ್ತಿದ್ದರು. ಮಕ್ಕಳನ್ನು ಮೇಯಿಸುವವನು ನಾನು, ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಕುರಿಗಳು ನನ್ನ ಹೆಂಡತಿ ಯಲ್ಲಕ್ಕನವು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ: ಹತ್ತನೇ ತರಗತಿಯವರಿಗೆ ಅಡ್ಜೆಕ್ಟಿವ್, ಅಡ್ವರ್ಬ್‌ಗಳನ್ನು ಈ ಜನ್ಮದಲ್ಲಿ ಮರೆಯದಂತೆ ಕಲಿಸುತ್ತೇನೆ!

ಒಂದು ಭಾನುವಾರ ಯಲ್ಲಕ್ಕ ಹೊಲಕ್ಕೆ ಹೋದಾಗ ಮಕ್ಕಳನ್ನು ಮನೆಗೇ ಕರೆಸಿದೆ. ಅಂಗಳದಲ್ಲಿ ನಾಲ್ಕು ಕರಿ ಕುರಿಗಳಿದ್ದವು. ತನ್ನಪ್ಪನಿಗೆ ಕಂಬಳಿ ನೇಯಿಸಲೆಂದು ಅವುಗಳ ಉಣ್ಣೆಯನ್ನು ಅವಳು ವರ್ಷದಿಂದ ಬೆಳೆಸಿದ್ದಳು. ಮಾರನೆಯ ದಿನವೇ ಕತ್ತರಿಸಬೇಕಿತ್ತು.

"ಕುರಿ ಅಂದರೆ ನೌನ್. ಅದು ಎಂಥದ್ದು? ಬ್ಲ್ಯಾಕ್. ಇದು ಅಡ್ಜೆಕ್ಟಿವ್" ಎಂದು ಕುರಿಯ ಹಣೆಗೆ ಅರಿಶಿನ ಬಳಿದೆ. "ಎಷ್ಟು ಬ್ಲ್ಯಾಕ್? ವೆರಿ. ಇದು ಅಡ್ವರ್ಬ್" ಎಂದು ಅರಿಶಿನದ ಮೇಲೆ ಕುಂಕುಮವಿಟ್ಟೆ. "ಹೇಗೆ ಓಡುತ್ತೆ? ಕ್ವಿಕ್ಲಿ. ಇದೂ ಅಡ್ವರ್ಬ್" ಎಂದು ಕಾಲಿಗೆ ಗೆಜ್ಜೆ ಕಟ್ಟಿದೆ.

ಓಬಕ್ಕ ಎಂಬ ಹುಡುಗಿ ಎದ್ದು, "ಅರಿಶಿನ ಕುರಿಗೆ, ಕುಂಕುಮ ಅರಿಶಿನಕ್ಕೆ, ಗೆಜ್ಜೆ ಓಟಕ್ಕೆ. ಅಷ್ಟೇ ಅಲ್ವಾ ಸಾರ್?" ಎಂದಳು. ನನ್ನ ಕಣ್ಣು ತುಂಬಿತು. ಉಳಿದ ಮೂರಕ್ಕೂ ಮಕ್ಕಳೇ ಅಲಂಕಾರ ಮಾಡಿದರು.

ಅಷ್ಟರಲ್ಲಿ ಕುರಿಗಾಹಿಗಳ ಹಟ್ಟಿಯ ಪೂಜಾರಿ ಜುಂಜಪ್ಪಜ್ಜ ಬಂದು, ಕುರಿಗಳಿಗೆ ಕೈಮುಗಿದು ನಿಂತುಬಿಟ್ಟ.

"ಏನ್ ಮೇಷ್ಟ್ರೇ, ನಾಕನ್ನೂ ದೇವರಿಗೆ ಮೀಸಲು ಬಿಟ್ರಾ? ದೊಡ್ಡ ಮನಸು."

"ಇಲ್ಲ ಅಜ್ಜಾ, ಇದು ಅಡ್ಜೆಕ್ಟಿವ್."

"ಯಾವ ದೇವರಾದ್ರೇನು? ಅರಿಶಿನ, ಕುಂಕುಮ, ಗೆಜ್ಜೆ ಬಿದ್ದ ಮ್ಯಾಲೆ ಮುಗೀತು. ಇನ್ನ ಉಣ್ಣೆ ಕತ್ತರಿಸಂಗಿಲ್ಲ, ಕಟ್ಟಂಗಿಲ್ಲ, ಗದರಂಗಿಲ್ಲ."

ನಾನು ಚಿತ್ರದುರ್ಗದ ಹಾಸ್ಟೆಲಿನಲ್ಲಿ ಬೆಳೆದವನು. ಹಟ್ಟಿಯ ಈ ಕಟ್ಟಳೆ ನನ್ನ ಯಾವ ವ್ಯಾಕರಣದಲ್ಲೂ ಇರಲಿಲ್ಲ. ಕುರಿಗಳಿಗೆ ಮಾತ್ರ ತಿಳಿದಂತಿತ್ತು. ಹಗ್ಗ ಬಿಚ್ಚಿದ್ದೇ ತಡ, ಒಂದು ಅಡುಗೆಮನೆಗೆ ನುಗ್ಗಿ ಸೊಪ್ಪು ಮುಗಿಸಿತು. ಇನ್ನೊಂದು ಉತ್ತರಪತ್ರಿಕೆಗಳನ್ನು ನನಗಿಂತ ಬೇಗ ನೋಡಿ ಮುಗಿಸಿತು. ಉಳಿದೆರಡು ನನ್ನ ಹಾಸಿಗೆಯ ಮೇಲೆ ಮಲಗಿದವು. ನಾನು ಕೈಕಟ್ಟಿ, "ದಯಮಾಡಿ ಎದ್ದೇಳಬೇಕು" ಎನ್ನುತ್ತಿದ್ದಾಗ ಯಲ್ಲಕ್ಕ ಬಂದಳು.

"ಏನ್ರಿ ಇದು?"

ಹೇಳಿದೆ. ಅವಳು ಕೂಗಾಡಲಿಲ್ಲ. ಕುರಿಯ ಬೆನ್ನಿನ ಉಣ್ಣೆಯಲ್ಲಿ ಬೆರಳಾಡಿಸುತ್ತ ಕುಳಿತಳು. ಕೂಗಾಡಿದ್ದರೇ ಚೆನ್ನಾಗಿತ್ತು.

"ಅಪ್ಪ ಈ ಸಲ ಚಳಿಗೆ ಕಂಬಳಿ ಬರ್ತೈತೆ ಅಂತ ಊರಿಗೆಲ್ಲ ಹೇಳ್ಕಂಡೈತೆ" ಎಂದಳು.

ಮೀಸಲು ಮಾಡಿದವನೇ ಅವನ್ನು ದೂರದ ಗುಡಿಯ ದೇವರ ಮಂದೆಗೆ ಬಿಟ್ಟು ಬರಬೇಕೆಂದು ಅಜ್ಜನ ತೀರ್ಪಾಯಿತು. ಮರುದಿನ ಬೆಳಿಗ್ಗೆ ಯಲ್ಲಕ್ಕ ನಾಲ್ಕಕ್ಕೂ ನೀರು ಕುಡಿಸಿ, ನನ್ನ ಚೀಲಕ್ಕೆ ರೊಟ್ಟಿ, ಚಟ್ನಿ ತುರುಕಿದಳು. ಆಮೇಲೆ ಒಳಗಿನಿಂದ ನನ್ನ ಮದುವೆಯ ಕಂಬಳಿಯನ್ನು ತಂದು ಕೊಡವಿ, ನೀಟಾಗಿ ಮಡಚತೊಡಗಿದಳು.

"ದಾರೀಲಿ ಚಳಿ ಅಂತ ಕೊಡ್ತಿದೀಯಾ?" ಎಂದೆ, ಕರಗಿ ಹೋಗಿ.

"ಇದು ಅಪ್ಪಗೆ. ನಿಮಗೆ ಚಳಿ ಆದ್ರೆ ಆ ಇಂಗ್ಲೀಷನ್ನೇ ಹೊದ್ಕಳ್ರಿ" ಎಂದಳು. ಅಷ್ಟು ಹೊತ್ತಿಗೆ ಅವಳ ತುಟಿಯಂಚಿನಲ್ಲಿ ನಗು ಬಂದಿತ್ತು.

ಕುರಿಗಳು ನಮ್ಮ ಮನೆಯ ಹೊಸಿಲನ್ನು ಕೊನೆಯ ಸಲ ದಾಟಿದವು. ಗದರುವಂತಿಲ್ಲವಲ್ಲ, ಅವು ಹೋದ ಕಡೆಗೆ ನಾನೂ ಹೋದೆ.