ಅರುವತ್ತೊಂದು ಚಿತ್ರಗಳಲ್ಲಿ ಕಣ್ಣು ಮುಚ್ಚಿರುವ ಬಗ್ಗೆ ಸಮಜಾಯಿಷಿ

ಇಂದ:
ಸಹಾಯಕ, ಗುರುತಿನ ಚೀಟಿ ಕೊಠಡಿ,
ನೆಲಮಹಡಿ, ಮೆಟ್ಟಿಲಿನ ಕೆಳಗೆ.

ಗೆ:
ಮಾನ್ಯ ಉಗ್ರಾಣಾಧಿಕಾರಿಗಳು,
ಮೂರನೇ ಮಹಡಿ.
(ಆವಕ ಶಾಖೆಯ ಮೂಲಕ)

ವಿಷಯ: ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಗುಜರಿ ಪಟ್ಟಿಯಿಂದ ಕೈಬಿಡಲು ಕೋರಿಕೆ ಹಾಗೂ ಒಬ್ಬರೇ ನೌಕರರ ಅರುವತ್ತೊಂದು ಚಿತ್ರಗಳ ಬಗ್ಗೆ ವಿವರಣೆ.

ಉಲ್ಲೇಖ: 1) ಕಳೆದ ಸೋಮವಾರದ ತಮ್ಮ ಜ್ಞಾಪನ.
2) ಸದರಿ ಕ್ಯಾಮೆರಾದ ಕೈಪಿಡಿ, ಪುಟ 27.

ಮಾನ್ಯರೇ,

ಉಲ್ಲೇಖ ಒಂದರ ಜ್ಞಾಪನದಲ್ಲಿ ತಾವು, "ಆವಕ ಶಾಖೆಯ ಸಹಾಯಕಿಯವರ ಅರುವತ್ತೊಂದು ಚಿತ್ರಗಳನ್ನು ಒಂದೇ ದಿನ ತೆಗೆಯಲಾಗಿದೆ; ಎಲ್ಲದರಲ್ಲೂ ಅವರು ಕಣ್ಣು ಮುಚ್ಚಿದ್ದಾರೆ; ಆ ದಿನ ಹದಿನೆಂಟು ವರ್ಷದ ಹಿಂದಿನ ಜನವರಿ ಒಂದಾಗಿದ್ದು, ಆಗ ಅವರು ಕೆಲಸಕ್ಕೇ ಸೇರಿರಲಿಲ್ಲ. ಮೂರು ದಿನದೊಳಗೆ ವಿವರಣೆ ಕೊಡತಕ್ಕದ್ದು. ಕ್ಯಾಮೆರಾ ಶನಿವಾರ ಗುಜರಿಗೆ" ಎಂದು ಬರೆದಿರುತ್ತೀರಿ. ಜ್ಞಾಪನ ಓದಿದ ಕೂಡಲೇ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ.

1. ಬ್ಯಾಟರಿ: ಹೊಸ ಸೆಲ್ ಹಾಕಿದರೂ ಕ್ಯಾಮೆರಾ ಹತ್ತು ನಿಮಿಷದಲ್ಲಿ ಮಲಗುತ್ತಿತ್ತು. ಕಾರಣ, ಒಳಗಿನ ತಗಡಿಗೆ ಕಿಲುಬು ಹಿಡಿದಿತ್ತು. ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ, ಸರಿಹೋಯಿತು. ಸೆಲ್ಲಿನ ಮುಚ್ಚಳದ ಕೊಂಡಿ ಮುರಿದಿರುವುದರಿಂದ ರಬ್ಬರ್ ಬ್ಯಾಂಡ್ ಹಾಕಲಾಗಿದೆ.

2. ಲೆನ್ಸ್: ಹೊರಗೆ ಬಂದ ಲೆನ್ಸ್ ಒಳಗೆ ಹೋಗದೆ ಕಿರ್‌ರೆನ್ನುತ್ತದೆ. ಬಲವಂತ ಮಾಡಬಾರದು. ಸೆಲ್ ತೆಗೆದು, ಸುತ್ತಲಿನ ದೂಳನ್ನು ಊದಿ, ಮತ್ತೆ ಸೆಲ್ ಹಾಕಿದರೆ ಒಳಗೆ ಹೋಗುತ್ತದೆ. ಈ ದೂಳು ಊದುವ ಕೆಲಸದಲ್ಲಿ ಸದರಿ ಸಹಾಯಕಿಯವರು ಹತ್ತೊಂಬತ್ತು ಮಂಗಳವಾರ ಟಾರ್ಚ್ ಹಿಡಿದು ಸಹಕರಿಸಿರುತ್ತಾರೆ.

3. ತಾರೀಖು: ಕ್ಯಾಮೆರಾದೊಳಗಿನ ಗಡಿಯಾರದ ಪುಟ್ಟ ಬ್ಯಾಟರಿ ಸತ್ತಿದೆ. ಆದ್ದರಿಂದ ಪ್ರತಿ ಸಲ ಆಫ್ ಮಾಡಿದಾಗಲೂ ಅದು ಎಲ್ಲವನ್ನೂ ಮರೆತು, ಹುಟ್ಟಿದ ವರ್ಷದ ಜನವರಿ ಒಂದಕ್ಕೆ ಹಿಂತಿರುಗುತ್ತದೆ. ಆದಕಾರಣ, ತಾವು ಒಂದೇ ದಿನ ಎಂದು ಭಾವಿಸಿದ್ದು ವಾಸ್ತವವಾಗಿ ಐದು ತಿಂಗಳಿಗೆ ಹತ್ತಿರ. ವಾರಕ್ಕೆ ಮೂರು ಚಿತ್ರ. ಬ್ಯಾಟರಿ ಹುಮ್ಮಸ್ಸಿನಲ್ಲಿದ್ದ ನಾಲ್ಕು ವಾರ ಮಾತ್ರ ನಾಲ್ಕು. ಲೆಕ್ಕ ಸರಿಯಿದೆ.

4. ಮಿಂಚು: ಮುಖ್ಯ ದೋಷ ಇದು. ಕಣ್ಣು ಕೆಂಪಗೆ ಬರಬಾರದೆಂದು ಈ ಕ್ಯಾಮೆರಾ ಎರಡು ಸಲ ಮಿಂಚುತ್ತದೆ. ಮೊದಲನೆಯದು ಎಚ್ಚರಿಕೆಗೆ, ಎರಡನೆಯದು ಚಿತ್ರಕ್ಕೆ. ಜನ ಮೊದಲನೆಯದಕ್ಕೇ ಮುಗಿಯಿತೆಂದು ಕಣ್ಣು ಮುಚ್ಚುತ್ತಾರೆ. "ಎರಡನೇದರ ತನಕ ಕಣ್ಣು ಬಿಟ್ಕೊಂಡಿರಿ" ಎಂದರೆ ಸಾಕು, ಉಳಿದ ಮುನ್ನೂರ ಹದಿನಾಲ್ಕು ನೌಕರರೂ ಬಿಟ್ಟುಕೊಂಡೇ ಇದ್ದರು. ಸದರಿ ಸಹಾಯಕಿಯವರಿಗೂ ಹಾಗೇ ಹೇಳಿದೆ. ಅವರು ತಲೆಯಾಡಿಸಿ, ನೆಟ್ಟಗೆ ಕೂತು, ಎರಡನೆಯ ಮಿಂಚಿಗೆ ಸರಿಯಾಗಿ ಕಣ್ಣು ಮುಚ್ಚಿದರು.

"ಅಯ್ಯೋ, ಮತ್ತೆ ಮುಚ್ಚಿದ್ನಾ ಸರ್? ಮುಂದಿನ ಮಂಗಳವಾರ ಬರ್ತೀನಿ ಬಿಡಿ" ಎಂದು ಹಳದಿ ತಾತ್ಕಾಲಿಕ ಪಾಸಿಗೆ ಇನ್ನೊಂದು ವಾರದ ಸಹಿ ಹಾಕಿಸಿಕೊಂಡು ಹೋದರು. ಐದು ತಿಂಗಳು ಅದೇ ಪಾಸಿನಲ್ಲಿ ಓಡಾಡಿದ್ದಾರೆ. ಪಾಸಿನ ಹಿಂಬದಿಯಲ್ಲಿ ನನ್ನ ಸಹಿಗೆ ಜಾಗ ಮುಗಿದು, ಬೇರೆ ಕಾಗದ ಅಂಟಿಸಲಾಗಿದೆ.

5. ತಪ್ಪೊಪ್ಪಿಗೆ: ಉಲ್ಲೇಖ ಎರಡರ ಪುಟ 27ರಲ್ಲಿ, ಒಂದು ಗುಂಡಿಯನ್ನು ಎರಡು ಸಲ ಒತ್ತಿದರೆ ಮೊದಲ ಮಿಂಚು ನಿಲ್ಲುತ್ತದೆ ಎಂದು ಸ್ಪಷ್ಟವಾಗಿ ಮುದ್ರಿಸಿದೆ. ಇದನ್ನು ನಾನು ನಾಲ್ಕನೇ ಚಿತ್ರದ ಹೊತ್ತಿಗೇ ಓದಿದ್ದೆ. ಒತ್ತಲಿಲ್ಲ. ಯಾಕೆ ಒತ್ತಲಿಲ್ಲ ಎಂಬುದಕ್ಕೆ ನಿಯಮಾವಳಿಯಲ್ಲಿ ಕಲಂ ಸಿಗದ ಕಾರಣ ನೇರವಾಗಿ ಬರೆಯುತ್ತೇನೆ: ನನಗೆ ಮಂಗಳವಾರ ಬೇಕಾಗಿತ್ತು. ಮನೆಯಲ್ಲಿ ಅಕ್ಕನಿಗೂ ವಾಸನೆ ಹತ್ತಿತ್ತು. "ಕ್ಯಾಮೆರಾ ರಿಪೇರಿಗೆ ಇಸ್ತ್ರಿ ಶರ್ಟ್ ಯಾಕೋ? ಅದೂ ವಾರಕ್ಕೊಂದೇ ದಿನ" ಎಂದಳು. ನನಗೆ ನಲವತ್ತೊಂದು ವರ್ಷ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ವಯಸ್ಸಲ್ಲ ಎಂದು ಗೊತ್ತಿದ್ದೂ ಕುಡಿದಿದ್ದೇನೆ.

6. ಜ್ಞಾಪನ ತಲುಪಿದ ದಿನ: ಕಚೇರಿಯ ಎಲ್ಲ ಕಾಗದಗಳನ್ನೂ ಮೊದಲು ಒಡೆದು ನೋಡುವುದು ಆವಕ ಶಾಖೆಯೇ ಆದ್ದರಿಂದ, ತಮ್ಮ ಜ್ಞಾಪನವನ್ನು ನನಗಿಂತ ಮುಂಚೆ ಸದರಿ ಸಹಾಯಕಿಯವರೇ ಓದಿದರು. ಸೋಮವಾರವೇ ಮೆಟ್ಟಿಲಿಳಿದು ಬಂದರು. ನಾನು ಮಂಗಳವಾರದ ಶರ್ಟಿನಲ್ಲಿರಲಿಲ್ಲ.

"ಒಂದೇ ದಿನ ಅಂತ ಬರ್ದಿದಾರೆ ಸರ್. ತಿದ್ದೋಕೆ ಹೋಗ್ಬೇಡಿ."

"ತಪ್ಪಲ್ವಾ ಅದು?"

"ನಂಗೂ ಒಂದೇ ದಿನದ ಹಾಗೇ ಇತ್ತು" ಎಂದು, ಟಾರ್ಚನ್ನು ಉರಿಸಿ ಆರಿಸಿದರು. "ಇನ್ನೊಂದು ಹೇಳ್ತೀನಿ. ಎರಡನೇ ಮಿಂಚು ಯಾವಾಗ ಬರತ್ತೆ ಅಂತ ಮೂರನೇ ಫೋಟೋಗೇ ಗೊತ್ತಾಗಿತ್ತು ನಂಗೆ. ಸರಿಯಾಗಿ ಅದೇ ಹೊತ್ತಿಗೆ ಮುಚ್ಚೋಕೆ ಎಷ್ಟು ಕಷ್ಟಪಟ್ಟಿದೀನಿ ಗೊತ್ತಾ?"

ಮಾನ್ಯರೇ, ಹೀಗಾಗಿ ತಾವು ಶಿಸ್ತು ಕ್ರಮ ಕೈಗೊಳ್ಳುವುದಾದರೆ ಇಬ್ಬರ ಮೇಲೂ ಕೈಗೊಳ್ಳಬೇಕಾಗುತ್ತದೆ. ಈ ವಾಕ್ಯ ಬರೆಯುವಾಗ ನನಗೆ ಆಗುತ್ತಿರುವ ಸಂತೋಷವನ್ನು ಕಡತದಲ್ಲಿ ದಾಖಲಿಸಿಕೊಳ್ಳಬೇಕಾಗಿ ಕೋರುತ್ತೇನೆ.

ಆಮೇಲೆ ಅವರು ಕೇಳಿದರು: "ಶನಿವಾರ ಕ್ಯಾಮೆರಾ ಹೋಗತ್ತಲ್ಲ ಸರ್. ಮಂಗಳವಾರ ನಾನು ಏನಂತ ಹೇಳ್ಕೊಂಡು ಬರ್ಲಿ?"

ನನ್ನ ಕೈಯಲ್ಲಿ ಲೆನ್ಸ್ ಒರೆಸುವ ಬಟ್ಟೆಯಿತ್ತು. ಐದು ತಿಂಗಳಿಂದ ಕನ್ನಡಿಯ ಮುಂದೆ ಸಿದ್ಧಪಡಿಸಿದ್ದ ಒಂದು ಪುಟದ ಭಾಷಣವೂ ತಲೆಯಲ್ಲಿತ್ತು. ಬಾಯಿಂದ ಬಂದದ್ದು ಮಾತ್ರ, "ಮದುವೆ ಮಾಡ್ಕೊಂಡ್ರೆ ಏನೂ ಹೇಳ್ದೇ ಬರಬಹುದು."

ಈ ಕ್ಯಾಮೆರಾದಲ್ಲಿ ಗುಂಡಿ ಒತ್ತಿದ ಎರಡು ಸೆಕೆಂಡಿನ ಮೇಲೆ ಚಿತ್ರ ಬೀಳುತ್ತದೆ ಎಂಬ ದೋಷವನ್ನು ಮೇಲೆ ನಮೂದಿಸಲು ಮರೆತಿದ್ದೆ. ಅವರ ಉತ್ತರವೂ ಅಷ್ಟೇ ತಡವಾಗಿ ಬಂತು. ನನ್ನ ಪಾಲಿಗೆ ಅದು ಎರಡು ಆರ್ಥಿಕ ವರ್ಷವಾಯಿತು. "ಇವತ್ತಿನ ತಾರೀಖು ಹಾಕಿ. ಇಬ್ಬರದ್ದೂ ಒಂದು ತೆಗೀಬೇಕು" ಎಂದರು.

ಹಾಕಿದೆ. ಪುಟ 27ರ ಗುಂಡಿಯನ್ನೂ ಎರಡು ಸಲ ಒತ್ತಿದೆ. ಕ್ಯಾಮೆರಾವನ್ನು ಕಡತಗಳ ಮೇಲಿಟ್ಟು, ತಾನೇ ಚಿತ್ರ ತೆಗೆಯುವಂತೆ ಹತ್ತು ಸೆಕೆಂಡಿಗೆ ಹೊಂದಿಸಿ ಓಡಿದೆ. ಅದರ ಹತ್ತು ಸೆಕೆಂಡು ನಮ್ಮ ಆರು ಸೆಕೆಂಡಿಗೆ ಸಮ ಎಂದು ಆಗ ತಿಳಿಯಿತು. ಚಿತ್ರದಲ್ಲಿ ಅವರ ಎರಡೂ ಕಣ್ಣು ಅಗಲವಾಗಿ ತೆರೆದಿವೆ, ನಗುತ್ತಿದ್ದಾರೆ. ನನ್ನದು ಒಂದು ಭುಜ ಬಂದಿದೆ. ಅಭ್ಯಾಸ ಬಲದಿಂದ ಕ್ಯಾಮೆರಾ ಆರಿಸಲು ಕೈಚಾಚಿದಾಗ ಅವರು ತಡೆದರು.

"ರೀ, ಆಫ್ ಮಾಡ್ಬೇಡಿ. ತಾರೀಖು ಹೋಗತ್ತೆ."

ಹತ್ತೊಂಬತ್ತು ಮಂಗಳವಾರವೂ 'ಸರ್' ಎಂದವರು 'ರೀ' ಎಂದರು. ನಾನು ಕುರ್ಚಿ ಇದೆಯೆಂದು ಭಾವಿಸಿ ಕೂತೆ; ಇರಲಿಲ್ಲ. ಕೊಠಡಿಯ ದಾಸ್ತಾನಿನಲ್ಲಿ ಕುರ್ಚಿ ಒಂದೇ ಇರುವುದನ್ನು ತಾವೂ ಬಲ್ಲಿರಿ.

ಆದ್ದರಿಂದ, ಹಾಗೂ ಮೇಲ್ಕಂಡ ಕಾರಣಗಳಿಂದ, ಕ್ಯಾಮೆರಾವನ್ನು ಗುಜರಿ ಪಟ್ಟಿಯಿಂದ ಕೈಬಿಟ್ಟು, ಮುಂದಿನ ತಿಂಗಳ ಎರಡನೇ ಮಂಗಳವಾರ ನಡೆಯುವ ನಮ್ಮ ಮದುವೆಗೆ ಒಂದು ದಿನದ ಮಟ್ಟಿಗೆ ಎರವಲು ಕೊಡಬೇಕಾಗಿ ಪ್ರಾರ್ಥಿಸುತ್ತೇನೆ. ಸಹಾಯಕಿಯವರ ಗುರುತಿನ ಚೀಟಿಯನ್ನು ಇನ್ನೂ ಮುದ್ರಿಸಿಲ್ಲ. ವಿಳಾಸ ಬದಲಾಗಲಿದೆ.

ತಮ್ಮ ವಿಶ್ವಾಸಿ, ಸದ್ಯ ನೆಲದ ಮೇಲೆ ಕಾಲು ನಿಲ್ಲದ,
(ಸಹಿ)
ಸಹಾಯಕ, ಗುರುತಿನ ಚೀಟಿ ಕೊಠಡಿ

ಅಡಕ:
1) ಚಿತ್ರ 1ರಿಂದ 61 (ಪರಿಶೀಲನೆಯ ನಂತರ ತಪ್ಪದೆ ಹಿಂತಿರುಗಿಸುವುದು).
2) ಚಿತ್ರ 62. ಅವರ ಎರಡು ಕಣ್ಣು, ನನ್ನ ಒಂದು ಭುಜ. (ಪೆನ್ಸಿಲಿನಲ್ಲಿ, ಬೇರೆ ಕೈಬರಹ: ಸ್ವಲ್ಪ ಕಿವಿಯೂ ಬಂದಿದೆ.)
3) ಕೈಪಿಡಿಯ ಪುಟ 27.
4) ಹೆಚ್ಚುವರಿ ರಬ್ಬರ್ ಬ್ಯಾಂಡ್, ಒಂದು.

ವಿಶೇಷ ಕೋರಿಕೆ: ಆರು ಸೆಕೆಂಡಿನಲ್ಲಿ ಓಡಿ ಬಂದು ನಿಲ್ಲುವುದು ಮದುವೆಯ ಬಟ್ಟೆಯಲ್ಲಿ ಅಸಾಧ್ಯವಾದ ಕಾರಣ, ಅಂದು ತಾವೇ ದಯಮಾಡಿಸಿ ಗುಂಡಿ ಒತ್ತಬೇಕು. ಒತ್ತಿದ ಮೇಲೆ ಎರಡು ಸೆಕೆಂಡು ಅಲುಗಾಡದೆ ನಿಲ್ಲಬೇಕು. ತಾರೀಖನ್ನು ನಾವೇ ಹಾಕಿ ಕೊಟ್ಟಿರುತ್ತೇವೆ. ಯಾವ ಕಾರಣಕ್ಕೂ ಆಫ್ ಮಾಡಬಾರದು.